ಅತ್ತೆಯ ಬಟಾಣಿ ಹೂ

ಈ ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಅಡುಗೆಮನೆಯ ಕಿಟಕಿ ತೆರೆದೆ. ತಣ್ಣನೆಯ ಗಾಳಿಯ ಜೊತೆ ಸ್ವೀಟ್ ಪೀ ಎಂಬ ಬಟಾಣಿ ಹೂವಿನ ಪರಿಮಳ ಒಳಗೆ ಬಂತು. ಜೇನಿನ ಮೇಲೆ ಕಿತ್ತಳೆಯ ಸಿಪ್ಪೆ ಹಿಂಡಿದ ಹಾಗಿರುವ ಆ ವಾಸನೆ ಮೂಗಿಗೆ ತಾಗಿದರೆ ಸಾಕು, ಸಾಗರದ ಈ ಬಾಡಿಗೆ ಮನೆ, ಎದುರಿನ ಆಟೋಗಳ ಗದ್ದಲ ಎಲ್ಲ ಮರೆತು ಹೊಸನಗರದ ಹತ್ತಿರದ ನಮ್ಮ ಹಳೆಯ ಮನೆಯ ಅಂಗಳದಲ್ಲಿ ನಿಂತಿರುತ್ತೇನೆ. ಅಷ್ಟರಲ್ಲಿ ಹಾಲು ಉಕ್ಕಿ ಒಲೆಯೆಲ್ಲ ರಾಡಿಯಾಯಿತು. ಆಗಲಿ ಬಿಡಿ. ಆ ಮನೆ ಈಗಿಲ್ಲ. ರಸ್ತೆ ಅಗಲ ಮಾಡುವಾಗ ಅಂಗಳವೂ ಜಗುಲಿಯೂ ಹೋದವು, ಉಳಿದದ್ದನ್ನು ನಾವೇ ಕೆಡವಿದೆವು. ಅಲ್ಲಿದ್ದ ದೊಡ್ಡವರಲ್ಲಿ ಯಾರೂ ಇಲ್ಲ. ಉಳಿದಿರುವುದು ನಾನು ಮತ್ತು ಈ ಹೂವಿನ ಬೀಜ.

ಬೀಜ ತಂದವಳು ಅತ್ತೆ, ಅಪ್ಪಯ್ಯನ ತಂಗಿ. ಊರಿನ ಶಾಲೆಯಲ್ಲಿ ಟೀಚರಾಗಿದ್ದಳು. ಮದುವೆ ಬೇಡವೆಂದು ಹಟ ಹಿಡಿದು ನಮ್ಮ ಜೊತೆಗೇ ಉಳಿದಿದ್ದಳು. ಒಮ್ಮೆ ತರಬೇತಿಗೆಂದು ಸಾಗರಕ್ಕೆ ಹೋದವಳು ಸೀರೆಯನ್ನೋ ಪಾತ್ರೆಯನ್ನೋ ತರುವುದು ಬಿಟ್ಟು, ಹೂವಿನ ಚಿತ್ರವಿದ್ದ ಒಂದು ಪೊಟ್ಟಣ ತಂದಳು. ಒಳಗೆ ಕರಿಮೆಣಸಿನಷ್ಟು ದೊಡ್ಡ ಕಂದು ಬೀಜಗಳು. ಅಜ್ಜಿ ಒಂದನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಬಟಾಣಿಯ ಜಾತಿಯೇ ಆದರೂ ಇದರ ಕಾಳು ತಿನ್ನಬಾರದು, ವಿಷ ಎಂದು ಅತ್ತೆ ಹೇಳಿದ್ದೇ ತಡ, ಅಜ್ಜಿಗೆ ನಗು ತಡೆಯಲಾಗಲಿಲ್ಲ.

"ಬೇಯ್ಸಕ್ಕಾಗಲ್ಲ, ದೇವ್ರಿಗೆ ಏರ್ಸಕ್ಕಾಗಲ್ಲ. ಊಟಕ್ಕಿಲ್ಲದ ಉಪ್ಪಿನಕಾಯಿ ತಂದ್ಯಲ್ಲೇ ಮಾರಾಯ್ತಿ!"

"ಇದು ಮೂಗಿಗೆ ಊಟ ಅವ್ವ, ತಡಿ," ಎಂದಳು ಅತ್ತೆ.

ಮಳೆ ನಿಂತು ದೀಪಾವಳಿ ಕಳೆದ ಮೇಲೆ ಅವಳು ಬೀಜಗಳನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ, ಹಟ್ಟಿಗೊಬ್ಬರ ತುಂಬಿದ ಪಾತಿಯಲ್ಲಿ ಊರಿದಳು. ಮೊಳಕೆ ಬಂದ ದಿನದಿಂದ ಅಂಗಳದ ಕೋಳಿಗಳಿಗೂ ಅವಳಿಗೂ ಯುದ್ಧ. ಅಪ್ಪಯ್ಯ ಅಡಿಕೆ ಮರ ಸೀಳಿದ ದಬ್ಬೆಗಳನ್ನು ನೆಟ್ಟು, ನಡುವೆ ಹುರಿ ಬಿಗಿದು ಚಪ್ಪರ ಮಾಡಿಕೊಟ್ಟ. ಬಳ್ಳಿಗಳು ಎಳೆಯ ಕುಡಿಗಳಿಂದ ಹುರಿಯನ್ನು ತಬ್ಬಿಕೊಂಡು ಹತ್ತಿದವು. ಸಂಕ್ರಾಂತಿಯ ಹೊತ್ತಿಗೆ, ಮೈ ನಡುಗುವ ಚಳಿಯಲ್ಲಿ, ನಸುಗೆಂಪು, ನೇರಳೆ, ಬಿಳಿ ಹೂಗಳು ಅರಳಿ ಅಂಗಳವೆಲ್ಲ ಘಮಘಮ. ಅತ್ತೆ ದಿನವೂ ಕೈತುಂಬ ಕೊಯ್ಯುತ್ತಿದ್ದಳು. ಒಂದು ಸ್ಟೀಲ್ ಲೋಟದ ತುಂಬ ತನ್ನ ಮಂಚದ ಪಕ್ಕ, ಒಂದು ಗೊಂಚಲು ಶಾಲೆಯ ಮೇಜಿಗೆ, ಇನ್ನೊಂದು ತೀರ್ಥಹಳ್ಳಿ ಬಸ್ಸಿನ ಡ್ರೈವರಿಗೆ. ಹೀಗೆ ಬೋಳಿಸಿದರೆ ಹೇಗೆ ಎಂದು ನಾನು ಕೇಳಿದ್ದಕ್ಕೆ, "ಇದು ಕೊಯ್ದಷ್ಟೂ ಬಿಡ್ತದೆ ಕಣೆ. ಕೊಯ್ಯದೆ ಬಿಟ್ರೆ, ಕೆಲ್ಸ ಮುಗೀತು ಅಂತ ಕಾಯಿ ಕಟ್ಟಿ ಕೂತ್ಬಿಡ್ತದೆ," ಎಂದಳು. ಆ ಗುಟ್ಟು ಮನೆಯಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೇ.

ಎರಡನೇ ವರ್ಷ ಮೊದಲ ಹೂಗಳು ಬಿರಿದ ವಾರವೇ ಅತ್ತೆಯ ಹೊಟ್ಟೆನೋವು ಜೋರಾಯಿತು. ಘಟ್ಟದ ಕೆಳಗಿನ ಆಸ್ಪತ್ರೆಗೆ ಕರೆದೊಯ್ಯಲು ಜೀಪು ಬಂತು. ಹತ್ತುವಾಗ ನನ್ನ ಕೈ ಹಿಡಿದು, "ದಿನಾ ಕೊಯ್ಯಿ, ಮರೀಬೇಡ. ನಾ ಬರೋ ಹೊತ್ತಿಗೆ ಹೂ ಇರ್ಲಿ. ಒಂದು ಲೋಟ ಮಂಚದ ಹತ್ರ ಇಡು," ಎಂದಳು. ನಾನಾಗ ಐದನೇ ಕ್ಲಾಸು. ಇಷ್ಟು ದೊಡ್ಡ ಜವಾಬ್ದಾರಿಯನ್ನು ಅದುವರೆಗೆ ಯಾರೂ ನನಗೆ ವಹಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಬಳ್ಳಿಗೆ ಕೈಹಾಕಿದ್ದೇ, ಜಗುಲಿಯಿಂದ ಅಜ್ಜಿ ಕೂಗಿದಳು. "ಮುಟ್ಬೇಡ! ಅವ್ಳ ಕೈಗುಣಕ್ಕೆ ಬಂದ ಗಿಡ ಅದು. ಅವ್ಳೇ ಬಂದು ಕೊಯ್ಯಲಿ."

ನಮ್ಮ ಮನೆಯ ಕ್ರಮವೇ ಹಾಗಿತ್ತು. ಯಾರಾದರೂ ಆಸ್ಪತ್ರೆ ಸೇರಿದರೆ ಅವರ ವಸ್ತುವನ್ನು ಮತ್ತೊಬ್ಬರು ಮುಟ್ಟುವಂತಿರಲಿಲ್ಲ. ಅವರ ತಟ್ಟೆ ತೊಳೆದು ಗೋಡೆಗೆ ಒರಗಿಸಿದಲ್ಲೇ ಇರಬೇಕು, ಚಾಪೆ ಸುತ್ತಿಟ್ಟಲ್ಲೇ ಇರಬೇಕು. ಮುಟ್ಟಿದರೆ ಅವರು ಬರುವುದಿಲ್ಲ ಎಂದು ಒಪ್ಪಿಕೊಂಡ ಹಾಗೆ. ಅತ್ತೆ ಹೇಳಿದ್ದನ್ನು ನಾನು ಅಜ್ಜಿಗೆ ತಿಳಿಸಬಹುದಿತ್ತು. ಕೈ ಹಿಂದಕ್ಕೆ ತೆಗೆದುಕೊಂಡೆ. ಆಗಲೇ ಪೊರೆ ಬಂದು ಮಂಜಾಗಿದ್ದ ಅವಳ ಕಣ್ಣುಗಳು ಅಳದೆ ಹಟ ಹಿಡಿದು ನಿಂತಿದ್ದವು. ಅಜ್ಜಿ ದಿನವೂ ಚಪ್ಪರದ ಹತ್ತಿರ ಹೋಗಿ, ಮೂಗು ತಾಗಿಸಿ, ಮಗಳ ಹೂವುಗಳು ಇವೆಯೆಂದು ಖಾತ್ರಿ ಮಾಡಿಕೊಂಡು ಬರುತ್ತಿದ್ದಳು. ನಾನು ಶಾಲೆಗೆ ಹೋಗುವಾಗ ಆ ಕಡೆ ನೋಡುತ್ತಿರಲಿಲ್ಲ. ಹೂಗಳು ಬಾಡಿದವು, ಕಾಯಿ ಕಟ್ಟಿದವು, ಬಳ್ಳಿ ಬುಡದಿಂದ ಹಳದಿಯಾಯಿತು.

ತಿಂಗಳ ಮೇಲೆ ಅತ್ತೆ ಬಂದಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು. ಕಾಲಿಗೆ ನೀರು ಹಾಕಿಕೊಳ್ಳಲೂ ಬಿಡದೆ ಅಜ್ಜಿ ಅವಳನ್ನು ಚಪ್ಪರದ ಮುಂದೆ ನಿಲ್ಲಿಸಿದಳು. "ನೋಡೆ, ಒಂದು ಹೂವಿಗೂ ಯಾರ ಕೈಯೂ ತಾಗ್ಸಿಲ್ಲ. ಎಲ್ಲಾ ನಿಂಗೇ ಇಟ್ಟಿದೀನಿ."

ಅತ್ತೆ ಆ ರೋಮದ ಕಾಯಿಗಳನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಎಷ್ಟ್ ಚಂದ ಕಾದಿದೀಯ ಅವ್ವ," ಎಂದಳು ಅತ್ತೆ. "ಮುಂದಿನ್ ವರ್ಷಕ್ಕೆ ಬೀಜ ಆತಲ್ಲ."

ಕೋಣೆಯಲ್ಲಿ ಮಂಚದ ಪಕ್ಕ ಲೋಟ ಖಾಲಿ ಇತ್ತು. ನಾನು ಬಿಕ್ಕಿ ಬಿಕ್ಕಿ ಅಳತೊಡಗಿದೆ. ಅತ್ತೆ ನನ್ನ ತಲೆ ಸವರಿ, "ಕೊಯ್ದಿದ್ರೆ ಹೂ ಇರ್ತಿತ್ತು ಅಂತ ಅವ್ವಂಗೆ ಮಾತ್ರ ಹೇಳ್ಬೇಡ ಪುಟ್ಟಿ. ತಡ್ಕಳಲ್ಲ ಅವ್ಳು," ಎಂದಳು. ಆ ಮಳೆಗಾಲವನ್ನು ಅತ್ತೆ ದಾಟಲಿಲ್ಲ. ಕೊನೆಗೂ ಒಂದು ಲೋಟ ಹೂವನ್ನು ಅವಳಿಗೆ ಕೊಡಲಿಲ್ಲವೆಂಬ ಸಂಕಟ ಇಷ್ಟು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ.

ದೀಪಾವಳಿ ಕಳೆದದ್ದೇ ಅಜ್ಜಿ ಬೂದಿಯಲ್ಲಿಟ್ಟಿದ್ದ ಬೀಜ ತೆಗೆದು, ತಡವರಿಸುತ್ತಾ ತಾನೇ ಊರಿದಳು. ಹೂ ಬಂದಾಗ ಮತ್ತೆ ಅದೇ ಕಟ್ಟಪ್ಪಣೆ, ಯಾರೂ ಮುಟ್ಟಬಾರದು. ಈ ಸಲ ನಾನು ಮಾತು ಕೇಳಲಿಲ್ಲ. ಅಜ್ಜಿ ಏಳುವ ಮುಂಚೆ, ಇಬ್ಬನಿಯಲ್ಲಿ ಬರಿಗಾಲಲ್ಲಿ ಹೋಗಿ, ಅಲ್ಲೊಂದು ಇಲ್ಲೊಂದು ಎಂದು ಕೊಯ್ದು ಪಾಟಿಚೀಲದಲ್ಲಿ ಅಡಗಿಸುತ್ತಿದ್ದೆ. ಅತ್ತೆಯ ಮೇಜಿಗೆ ಬಂದಿದ್ದ ಹೊಸ ಟೀಚರಿಗೆ ಕೊಟ್ಟೆ, ಬಸ್ಸಿನ ಡ್ರೈವರಿಗೆ ಕೊಟ್ಟೆ. ಬಳ್ಳಿ ಶಿವರಾತ್ರಿ ಕಳೆದರೂ ಹೂ ನಿಲ್ಲಿಸಲಿಲ್ಲ. ಕಣ್ಣು ಕಾಣದ ಅಜ್ಜಿ ಚಪ್ಪರಕ್ಕೆ ಮೂಗಿಟ್ಟು, ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು, "ಹೋದ್ವರ್ಷ ತಿಂಗ್ಳೂ ನಿಲ್ಲಿಲ್ಲ. ಈ ಸಲ ಮುಗಿಯೋ ಹಂಗೇ ಇಲ್ಲ ನೋಡಿ. ನಮ್ ಹುಡ್ಗೀನೇ ಬಂದು ನೀರ್ ಹಾಕಿ ಹೋಗ್ತಾಳೆ ಕಣ್ರೋ." ಅವಳು ಇರುವವರೆಗೂ ಪ್ರತಿ ಚಳಿಗಾಲ ನಾನು ಕದ್ದೆ, ಅವಳು ನಂಬಿದಳು.

ಈಗ ಸಾಗರದ ಈ ಮನೆಯ ಹಿತ್ತಿಲಲ್ಲಿ ನಾಲ್ಕು ಕುಂಡಗಳಿವೆ. ಕೊನೆಯ ಒಂದೆರಡು ಹೂಗಳನ್ನು ಬೀಜಕ್ಕೆಂದು ಬಿಟ್ಟು, ಉಳಿದದ್ದನ್ನು ದಿನವೂ ಕೊಯ್ಯುತ್ತೇನೆ. ಇವತ್ತೂ ಚೆಲ್ಲಿದ ಹಾಲನ್ನು ಒರೆಸಿ ಕುಂಡದ ಹತ್ತಿರ ಹೋದೆ. ನನ್ನನ್ನು ತಡೆಯುವವರು ಯಾರೂ ಇಲ್ಲ. ಆದರೂ ಕೈ ಚಾಚುವ ಮುನ್ನ ಹಿಂದೆ ತಿರುಗಿ ಬಾಗಿಲ ಕಡೆ ನೋಡಿದೆ. "ಮುಟ್ಬೇಡ" ಎಂದು ಯಾರಾದರೂ ಒಮ್ಮೆ ಕೂಗಲಿ ಎಂದು ಸ್ವಲ್ಪ ಹೊತ್ತು ಕಾದೆ. ಆಮೇಲೆ ಕೊಯ್ದೆ.