ರತ್ನಳ ಗಿಯರ್‌ಬಾಕ್ಸ್ ಸುಟ್ಟವನು ನಾನು

ನನ್ನ ತಂಗಿ ರತ್ನಳ ಪಿಕಪ್ಪಿನ ಗಿಯರ್‌ಬಾಕ್ಸ್ ಸುಟ್ಟವನು ನಾನು. ಸುಟ್ಟು, ಅವಳೇ ಸುಟ್ಟಳೆಂದು ನಾಲ್ಕು ಜನರೆದುರು ಹೇಳಿದವನೂ ನಾನೇ. ಇಷ್ಟನ್ನು ಬಾಯಿಬಿಡಲು ಇಷ್ಟು ವರ್ಷ ಬೇಕಾಯಿತು. ನೆನೆದರೆ ನಾಚಿಕೆಗಿಂತ ಮೊದಲು ಸಿಟ್ಟು ಬರುತ್ತದೆ. ನನ್ನ ಮೇಲೆ. ಕೇಳಿದ ಕೂಡಲೇ ಹೌದೆಂದು ತಲೆಯಾಡಿಸಿದ ಅವರೆಲ್ಲರ ಮೇಲೂ.

ರತ್ನ ಹೊಸೂರಿನ ಮೂಕಂಡಪಲ್ಲಿ ಕಡೆಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಎಡಗಾಲಿನ ಪಾದ ಯಂತ್ರಕ್ಕೆ ಸಿಕ್ಕು ಜಜ್ಜಿಹೋಯಿತು. ಬೇರಿಕೆಯ ಹತ್ತಿರದ ನಮ್ಮ ಹೊಲಕ್ಕೆ ವಾಪಸ್ಸು ಬಂದು ಗುಲಾಬಿ ಗಿಡ ಇಟ್ಟಳು, ಪರಿಹಾರದ ಹಣದಲ್ಲಿ ಹಳೆಯ ಪಿಕಪ್ ಕೊಂಡಳು. ಎಡಗಾಲಿನಲ್ಲಿ ಕ್ಲಚ್ ತುಳಿಯಲಾಗದು. ಅದಕ್ಕೆ ಹೊಸೂರಿನ ಮೆಕ್ಯಾನಿಕ್ ಬಾಷಾ, ಗುಜರಿಗೆ ಬಂದ ಕಾರಿನ ಆಟೋಮ್ಯಾಟಿಕ್ ಗಿಯರ್‌ಬಾಕ್ಸ್ ತೆಗೆದು ಕೂರಿಸಿಕೊಟ್ಟ. ಕ್ಲಚ್ಚೇ ಇಲ್ಲ, ಬಲಗಾಲೊಂದೇ ಸಾಕು.

"ಇದು ಕಾರಿನ ಡಬ್ಬಿ ಅಕ್ಕಾ. ಹೂವಿಗೆ ಪರವಾಗಿಲ್ಲ. ಕಲ್ಲು-ಗಿಲ್ಲು ಹೇರ್ಬೇಡಿ" ಅಂದಿದ್ದ. ನಾನೂ ಅಲ್ಲೇ ನಿಂತಿದ್ದೆ. ಕೇಳಿಸಿಕೊಂಡಿದ್ದೆ.

ಒಂದು ದಿನ ಗೊಬ್ಬರ ತರುತ್ತೇನೆಂದು ಅವಳಿಂದ ಕೀ ಇಸಿದುಕೊಂಡೆ. ತಂದದ್ದು ಗೊಬ್ಬರವಲ್ಲ. ಗೆಳೆಯನೊಬ್ಬ ನಾಟ್ರಾಂಪಾಳ್ಯದಲ್ಲಿ ಮನೆ ಕಟ್ಟುತ್ತಿದ್ದ, ಅವನಿಗೆ ಕಲ್ಲುಚಪ್ಪಡಿ ಹೇರಿಕೊಂಡು ಹೋದೆ. ಅಂಚೆಟ್ಟಿ ದಾಟಿ ಏರು ಸಿಕ್ಕಿತು. ಎಂಜಿನ್ ಕಿರುಚುತ್ತದೆ, ಗಾಡಿ ಮುಂದಕ್ಕೆ ಹೋಗದು. ಸುಟ್ಟ ಎಣ್ಣೆಯ ವಾಸನೆ. ಅಲ್ಲಿಗಾದರೂ ನಿಲ್ಲಿಸಬಹುದಿತ್ತು… ನಿಲ್ಲಿಸಲಿಲ್ಲ. ಆರಲು ಬಿಟ್ಟು ಮತ್ತೆ ತುಳಿದೆ. ಕಲ್ಲಿಳಿಸಿ ಖಾಲಿ ಗಾಡಿಯನ್ನು ಮೆಲ್ಲಗೆ ತಂದು ಅಂಗಳದಲ್ಲಿ ನಿಲ್ಲಿಸಿದೆ. ಅವಳಿಗೆ ಒಂದು ಮಾತೂ ಹೇಳಲಿಲ್ಲ.

ಮರುದಿನ ಅವಳು ಗುಲಾಬಿ ತುಂಬಿಕೊಂಡು ಹೊಸೂರಿಗೆ ಹೋದಳು. ಹೂವಿನ ಮಾರುಕಟ್ಟೆಯ ಮುಂದೆ, ರಸ್ತೆಯ ನಟ್ಟನಡುವೆ, ಗಾಡಿ ನಿಂತುಬಿಟ್ಟಿತು. ಫೋನು ಬಂತು, ಬೈಕಿನಲ್ಲಿ ಓಡಿದೆ. ಹಿಂದೆ ಬಸ್ಸು ಲಾರಿಗಳ ಹಾರ್ನು, ಸುತ್ತ ಗಂಡಸರ ಗುಂಪು. ನಮ್ಮೂರಿನ ಹೂವಿನ ವ್ಯಾಪಾರಿ ಮುನಿಯಪ್ಪ ಅಂದ: "ಹೆಣ್ಣೆಂಗ್ಸಿನ ಕೈಗೆ ಗಾಡಿ ಕೊಟ್ರೆ ಇನ್ನೇನ್ಲಾ ಆಯ್ತದೆ?"

ಎಲ್ಲರೂ ನನ್ನ ಮುಖ ನೋಡಿದರು. ಆಗ ನಾನು ಆ ಮಾತು ಆಡಿದೆ: "ನಾನು ಬ್ಯಾಡ ಅಂದಿದ್ದೆ ಕಣಣ್ಣ. ಇವ್ಳು ಬ್ರೇಕ್ ಮ್ಯಾಲೇ ಕಾಲಿಟ್ಕಂಡು ಓಡುಸ್ತಾಳೆ. ಸುಟ್ಟಾಕ್ಬುಟ್ಲು."

"ನಾನಾ, ಅಣ್ಣಾ?" ಅಂದಳು ರತ್ನ. ಅಷ್ಟೇ. ಗಾಡಿಯ ಹಿಂಭಾಗದಲ್ಲಿ ಅವಳ ಹೂ ಬಿಸಿಲಿಗೆ ಬಾಡುತ್ತಿತ್ತು.

ಬಾಷಾ ಬಿಚ್ಚಿದಾಗ ನಾನೊಬ್ಬನೇ ಇದ್ದೆ. ಕರ‍್ರಗಾದ ಎಣ್ಣೆ ತೋರಿಸಿ, "ಯಾರಣ್ಣ ಇಷ್ಟು ಲೋಡು ಎಳ್ಸಿದ್ದು?" ಅಂದ. ಗಟ್ಟಿಯಾದದ್ದೇ ಹಾಕು ಅಂದೆ. ಗುಜರಿಯಿಂದಲೇ ದೊಡ್ಡ ಜೀಪೊಂದರ ಆಟೋಮ್ಯಾಟಿಕ್ ಗಿಯರ್‌ಬಾಕ್ಸ್ ತರಿಸಿದ. ಹಳೆಯದಕ್ಕಿಂತ ಉದ್ದ, ಇಬ್ಬರು ಎತ್ತಲಾರದಷ್ಟು ಭಾರ. ಅದಕ್ಕಾಗಿ ಗಾಡಿಯ ಅಡಿಯಲ್ಲಿ ಡಬ್ಬಿ ಹೊರುವ ಕಬ್ಬಿಣದ ಪಟ್ಟಿಗಳನ್ನು ಕತ್ತರಿಸಿ ಬೆಸೆದ, ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನು ಗಿಡ್ಡ ಮಾಡಿಸಿದ, ಎಣ್ಣೆ ತಣ್ಣಗಿರಲೆಂದು ಮುಂದೆ ಇನ್ನೊಂದು ಸಣ್ಣ ರೇಡಿಯೇಟರ್ ಕಟ್ಟಿದ. ಅಷ್ಟು ಗಟ್ಟಿ ಗಿಯರ್‌ಬಾಕ್ಸ್ ಬೇಕಾಗಿದ್ದು ನನ್ನ ಕಲ್ಲಿಗೆ — ಅವಳ ಕಾಲಿಗಲ್ಲ. ಆದರೆ ಗಾಡಿ ಮನೆಗೆ ಬಂದಾಗ ಅಪ್ಪ ಕೀ ಕೊಟ್ಟದ್ದು ನನ್ನ ಕೈಗೆ. ನಾನು ತೆಗೆದುಕೊಂಡೆ! ಅವಳ ಗಾಡಿ, ಅವಳ ಕಾಲಿಗೆಂದೇ ಮಾಡಿಸಿದ ಗಾಡಿ. ಎರಡು ಕಾಲೂ ನೆಟ್ಟಗಿರುವ ನಾನು ಅದನ್ನು ಓಡಿಸಿಕೊಂಡು ತಿರುಗಿದೆ. ಅವಳು ಬಸ್ಸು ಹತ್ತಿ, ಯಾರದೋ ಶೆಡ್ಡಿನಲ್ಲಿ ಯಾರದೋ ಹೂವಿಗೆ ಕಾಗದ ಸುತ್ತುವ ಕೂಲಿಗೆ ಹೋದಳು.

ಮೊನ್ನೆ ನನ್ನ ಮಗಳು ಗಾಡಿ ಕಲಿಯುತ್ತೇನೆ ಅಂದಳು. "ನಿಮ್ಮತ್ತೆ ಸುಟ್ಟಾಕಿದ್ದು ಸಾಲ್ದಾ? ನೀನೂ ಸುಡ್ತೀಯಾ?" ಎಂದರು ಅಪ್ಪ. ನಾನು ಅಪ್ಪನ ಮೇಲೆ ಎಗರಿಬಿದ್ದೆ. ಬಿದ್ದ ಮೇಲೆ ಗೊತ್ತಾಯಿತು, ಆ ಮಾತು ಅಪ್ಪನದಲ್ಲ, ನನ್ನದು. ಮಗಳಿಗೆ ತಗುಲಿದಾಗ ಉರಿಯಿತು. ತಂಗಿಗೆ ತಗುಲಿದ ಅಷ್ಟೂ ದಿನ ಉರಿಯಲಿಲ್ಲ. ಎಂಥ ಮನುಷ್ಯ ನಾನು?

ಅಂದೇ ರತ್ನಳಿಗೆ ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ. "ನಂಗ್ಯಾಕೆ ಹೇಳ್ತೀಯಣ್ಣ? ನಾನು ಸುಟ್ಟಿಲ್ಲ ಅಂತ ನಂಗೊತ್ತಿಲ್ವಾ? ಅವತ್ತು ಯಾರ್ ಮುಂದೆ ಅಂದ್ಯೋ, ಅಲ್ಲೋಗಿ ಹೇಳು."

ಹೋದೆ. ಅವಳೂ ಬಂದಳು. ಮಾರುಕಟ್ಟೆಯಲ್ಲಿ ಮುನಿಯಪ್ಪನ ಅಂಗಡಿ ಮುಂದೆ ನಿಂತು, ಕಲ್ಲು ಹೇರಿದ್ದು, ಏರಿನಲ್ಲಿ ಸುಟ್ಟದ್ದು, ಸುಳ್ಳು ಹೇಳಿದ್ದು, ಎಲ್ಲ ಹೇಳಿದೆ. ಮುನಿಯಪ್ಪ ನಕ್ಕ. "ಬುಡ್ಲಾ, ತಂಗಿ ಮಾನ ಉಳ್ಸಕ್ಕೆ ಮೈಮ್ಯಾಲ್ ಹಾಕ್ಕತೀಯಾ? ಒಳ್ಳೇ ಅಣ್ಣ ಕಣ್ಲಾ ನೀನು!" ಸುತ್ತ ನಿಂತವರೂ ನಕ್ಕರು.

ನಾನು ಕೂಗಾಡಿದೆ. ಒಬ್ಬನೂ ನಂಬಲಿಲ್ಲ. ಅಂದು ನನ್ನ ಸುಳ್ಳಿಗೆ ಯಾರೂ ಸಾಕ್ಷಿ ಕೇಳಿರಲಿಲ್ಲ! ಅವರಿಗೆ ಬೇಕಾದ ಮಾತನ್ನೇ ನಾನು ಅವರ ಕೈಗಿಟ್ಟಿದ್ದೆ. ಈಗ ಕೇಳಿದರೆ ವಾಪಸ್ಸು ಕೊಡುತ್ತಾರೆಯೇ?

ರತ್ನ ನನ್ನ ಕಡೆ ಕೈ ಚಾಚಿದಳು. "ಕೀ ಕೊಡು."

ಈಗ ಬೆಳಿಗ್ಗೆ ನಮ್ಮ ಹೊಲದ ಹೂ ಹೇರಿಕೊಡುವುದು ನನ್ನ ಕೆಲಸ. ಗಾಡಿ ಓಡಿಸಿಕೊಂಡು ಹೋಗುವವಳು ರತ್ನ. ಮಾರುಕಟ್ಟೆಗೆ ಹೋದಾಗಲೆಲ್ಲ, ಕೇಳಲಿ ಬಿಡಲಿ, ಅವರಿಗೆ ನಾನು ಅದನ್ನೇ ಹೇಳುತ್ತೇನೆ, ಹೇಳುತ್ತಲೇ ಇರುತ್ತೇನೆ. ಅಲ್ಲಿಗೆ ನಾನು ಹೋಗುವುದು ಬಸ್ಸಿನಲ್ಲಿ. ಗಾಡಿಯಲ್ಲಿ ತನ್ನ ಪಕ್ಕದ ಸೀಟಿಗೆ ಅವಳು ನನ್ನನ್ನು ಕರೆದಿಲ್ಲ. ಕರೆ ಎಂದು ನಾನೂ ಕೇಳಿಲ್ಲ.