ಕೆಂಪು ಬಾಳೆಹಣ್ಣು, ಖಾಲಿ ಹಾಳೆ

‘ಕೆಂಪು ಬಾಳೆಹಣ್ಣು ತಿನ್ನದ ನನ್ನನ್ನು ತಿನ್ನಲು ಒಪ್ಪಿಸಿ’ ಎಂದು ಬೋರ್ಡಿನ ಮೇಲೆ ಬರೆದು ಮೀಸೆಯೊಳಗೇ ನಕ್ಕೆ. ಕಲಬುರಗಿಯ ಪ್ರಬಂಧ ಸ್ಪರ್ಧೆಗೆ ಕಮಲಾಪುರದ ಶಾಲೆಯಿಂದ ಒಬ್ಬರನ್ನು ಆರಿಸಲು ನಿವೃತ್ತ ಮಾಸ್ತರನಾದ ನನ್ನನ್ನು ಕರೆಸಿದ್ದರು. ಬೋರ್ಡನ್ನು ಪೂರ್ತಿ ಓದುವ ಮೊದಲೇ ಪೆನ್ನುಗಳು ಓಡಿದವು. ಪೀಠಿಕೆ, ಹಣ್ಣಿನ ಮಹಿಮೆ, ಉಪಸಂಹಾರ. ಎಲ್ಲ ಗೈಡ್ ಉರುಹೊಡೆದ ಗಿಳಿಗಳು! ಒಬ್ಬ ಹುಡುಗಿ ಮಾತ್ರ ಎದ್ದು ನಿಂತಳು.

“ನೀವ್ಯಾಕ ತಿನ್ನಂಗಿಲ್ರಿ ಸರ್?”

“ಶುಗರ್ ಅದ, ಯವ್ವಾ.”

“ಹಂಗಾರ ನಾ ಒಪ್ಪಸಂಗಿಲ್ರಿ,” ಎಂದು ಪೆನ್ನು ಮುಚ್ಚಿದಳು. ಅವಳನ್ನೇ ಆರಿಸಿದೆ.

“ಅಕಿ ಒಂದಕ್ಷರಾನೂ ಬರ್ದಿಲ್ಲಲ್ರೀ!” ಎಂದು ಅಲ್ಲಿಯ ಮೇಡಂ ಸಿಡುಕಿದರು.

“ಉಳದೋರು ಒಂದಕ್ಷರಾನೂ ಓದಿಲ್ಲಲ್ರೀ ಮೇಡಂ,” ಎಂದೆ.

ಮಕ್ಕಳನ್ನು ಬೇಸ್ತು ಬೀಳಿಸುವುದರಲ್ಲಿ ಇಡೀ ಜಿಲ್ಲೆಗೆ ನಾನೇ ದೊಡ್ಡವ. ಆದರೂ ಆ ಹುಡುಗಿ ಕುಳಿತ ತರಗತಿಯಲ್ಲಿ ಇನ್ನೊಂದು ಪ್ರಶ್ನೆ ಹಾಕು ಎಂದರೆ, ಎರಡು ಸಲ ಯೋಚಿಸುತ್ತೇನೆ.