ಮೀಟರ್ ಮಾವ

ಬಾಡಿಗೆಗೆ ಮನೆ ನೋಡಲು ಹೋದವರು ಮೊದಲು ಅಡುಗೆಮನೆ ನೋಡುತ್ತಾರೆ. ಓಣಿಯವರೆಲ್ಲ ಮೀಟರ್ ಮಾವ ಎಂದು ಕರೆಯುವ ಗುಮಾಸ್ತರು ಮಾತ್ರ ಮೆಟ್ಟಿಲ ಕೆಳಗಿನ ಕರೆಂಟ್ ಮೀಟರಿಗೆ ಮೂಗು ತಾಗಿಸಿ ನಿಲ್ಲುತ್ತಾರೆ. "ಬಾಡಿಗೆ ಮೊದಲೇ ಗೊತ್ತಿರುತ್ತೆ, ಬಿಲ್ಲು ಸಾಮಾನು ಇಳಿಸಿದ ಮೇಲೇ ಮುಖ ತೋರಿಸೋದು" ಎಂಬುದು ಅವರ ಸಿದ್ಧಾಂತ. ಆಮೇಲೆ ಮಗುವಿನ ಜ್ವರ ನೋಡುವಂತೆ ಪಶ್ಚಿಮದ ಗೋಡೆಗೆ ಅಂಗೈಯಿಟ್ಟು, "ಬಿಸಿಲು ಕುಡಿಯೋ ಗೋಡೆ, ಫ್ಯಾನಿಗೆ ಬಿಡುವೇ ಇರಲ್ಲ" ಎಂದು ತಲೆಯಾಡಿಸುತ್ತಾರೆ. ಹೆಂಡತಿ "ರೀ, ಒಳಗೆ ಬಂದು ಮನೆ ನೋಡ್ರೀ" ಎಂದರೂ ಫ್ರಿಜ್ಜಿಗೆ ಇಷ್ಟು, ಗೀಸರಿಗೆ ಇಷ್ಟು ಎಂದು ಬೆರಳು ಮಡಿಚುತ್ತಲೇ ಇರುತ್ತಾರೆ. ಈಗಿರುವ ಮನೆಯಲ್ಲಂತೂ ಅವರು ಕೋಣೆ ಬಿಟ್ಟರೆ ದೀಪವೂ ಅವರ ಜೊತೆಗೇ ಹೊರಡುತ್ತದೆ. ನೆಂಟರು ಮಾತಿನ ನಡುವೆಯೇ ಕತ್ತಲಲ್ಲಿ ಉಳಿದದ್ದುಂಟು. ಮೊನ್ನೆ ನೋಡಿದ ಮನೆಯಲ್ಲಿ ಕೊನೆಯ ಬೆರಳು ಮಡಿಚಿ, "ಅಪ್ಪನ ಕೋಣೆ ದೀಪ, ಸಂಜೆಯಿಂದ ಮಲಗೋವರೆಗೆ" ಎಂದರು. ಮನೆಯೊಡತಿಗೆ ಅಚ್ಚರಿ. "ನಿಮ್ಮ ತಂದೆಗೆ ಕಣ್ಣು ಕಾಣಲ್ಲ ಅಂದ್ರಲ್ಲ?" ಎಂದು ಕೇಳಿದರು. "ಕಾಣಲ್ಲಮ್ಮ," ಎಂದರು ಮಾವ, ಬೆರಳು ಬಿಚ್ಚದೆ. "ಆದ್ರೆ ಕತ್ತಲಾಯ್ತು, ದೀಪ ಹಾಕಿದ್ಯೇನೋ ಅಂತ ದಿನಾ ಕೇಳ್ತಾರೆ. ಹಾಕದೆ ಹೇಗೆ ಹೂಂ ಅನ್ನಲಿ?"